ಚರ್ಮದ ಬಿಸಿ, ಒಳಗಿನ ಗಂಟು

ಕಚೇರಿಗಳ ಆರೋಗ್ಯ ಶಿಬಿರಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ, ಮಹಿಳಾ ದಿನಾಚರಣೆಯ ಕಾರ್ಯಕ್ರಮಗಳಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಗೆಂದು ಈಚೆಗೆ ಥರ್ಮಲ್ ಕ್ಯಾಮೆರಾ ಬರುತ್ತಿದೆ. ವಿಕಿರಣವಿಲ್ಲ, ನೋವಿಲ್ಲ, ಯಾರೂ ಮೈ ಮುಟ್ಟುವುದಿಲ್ಲ ಎನ್ನುತ್ತದೆ ಕರಪತ್ರ. ಮೂರೂ ಮಾತು ನಿಜ. ಅದನ್ನು ಓದಿದವರು ಕೇಳುವ ಪ್ರಶ್ನೆಯೂ ಸಹಜವಾದದ್ದೇ: ‘ಇದನ್ನು ಮಾಡಿಸಿಕೊಂಡರೆ ಮ್ಯಾಮೊಗ್ರಾಂ ಬೇಡ ತಾನೆ?’ ಬೇಕು. ಕೈಗೆ ಗಂಟು ಸಿಕ್ಕಿದವರಿಗಂತೂ ಥರ್ಮಲ್ ರಿಪೋರ್ಟಿನಲ್ಲಿ ಏನೇ ಬರೆದಿದ್ದರೂ ಮುಂದಿನ ಪರೀಕ್ಷೆ ಬೇಕೇ ಬೇಕು. ಏಕೆಂದು ತಿಳಿಯಲು ಒಂದೊಂದು ಯಂತ್ರವೂ ದೇಹದಲ್ಲಿ ಏನನ್ನು ಅಳೆಯುತ್ತದೆ ಎಂದು ನೋಡಬೇಕು.

ಬದುಕಿರುವ ಮೈಯ ಚರ್ಮ ಸದಾ ಇನ್‌ಫ್ರಾರೆಡ್ ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಬಿಸಿ ಹೆಚ್ಚಿದ್ದಲ್ಲಿ ಕಿರಣವೂ ಹೆಚ್ಚು. ಥರ್ಮಲ್ ಕ್ಯಾಮೆರಾ ಇವನ್ನು ಹಿಡಿದು, ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತದೆ. ಪರದೆಯ ಮೇಲೆ ಕಾಣುವ ಕೆಂಪು, ಹಳದಿ, ನೀಲಿ ಸಾಫ್ಟ್‌ವೇರ್ ಬಳಿದ ಬಣ್ಣ. ಇಷ್ಟು ಡಿಗ್ರಿಗೆ ಇಂಥ ಬಣ್ಣ ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಹಾಗಾಗಿ ಕೆಂಪು ಕಂಡ ಕೂಡಲೇ ಎದೆ ಝಲ್ಲೆನ್ನಬೇಕಾಗಿಲ್ಲ. ಎಲ್ಲವೂ ತಣ್ಣಗೆ ನೀಲಿಯಾಗಿದೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ.

ಕ್ಯಾನ್ಸರಿಗೂ ಬಿಸಿಗೂ ಏನು ಸಂಬಂಧ? ಬೇಗ ಬೆಳೆಯುವ ಜೀವಕೋಶಗಳಿಗೆ ಆಹಾರ, ಆಮ್ಲಜನಕ ಹೆಚ್ಚು ಬೇಕು. ಗಡ್ಡೆ ತನ್ನ ಸುತ್ತ ಹೊಸ ರಕ್ತನಾಳಗಳು ಹುಟ್ಟುವಂತೆ ಮಾಡಿಕೊಳ್ಳುತ್ತದೆ. ಇರುವ ನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನೂ ಹೊರಹಾಕುತ್ತದೆ. ರಕ್ತ ಹೆಚ್ಚು ಹರಿದ ಕಡೆ ಬಿಸಿ ಏರುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ರೇ ಲಾಸನ್ ಎಂಬ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನ ಗಡ್ಡೆ ಇರುವ ಜಾಗದ ಚರ್ಮ ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿರುತ್ತದೆ ಎಂದು ಅಳೆದು 1956ರಲ್ಲಿ ಪ್ರಕಟಿಸಿದರು. ಥರ್ಮಲ್ ತಪಾಸಣೆಯ ಕಥೆ ಶುರುವಾಗುವುದು ಅಲ್ಲಿಂದ. ಅವರ ಗಮನಿಕೆ ಸರಿಯಾಗಿಯೇ ಇತ್ತು.

ತೊಡಕಿರುವುದು ಗಡ್ಡೆಗೂ ಚರ್ಮಕ್ಕೂ ನಡುವಿನ ದಾರಿಯಲ್ಲಿ. ಸ್ತನದಲ್ಲಿ ಕೊಬ್ಬು ಬಹಳ, ಕೊಬ್ಬು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದಪ್ಪ ಕಂಬಳಿಯೊಳಗೆ ಬಿಸಿನೀರಿನ ಬಾಟಲಿ ಇಟ್ಟು ಮೇಲಿನಿಂದ ಕೈಯಾಡಿಸಿ ನೋಡಿ. ಎಲ್ಲೋ ಬೆಚ್ಚಗಿದೆ ಎಂದು ತಿಳಿಯುತ್ತದೆ, ಬಾಟಲಿಯ ಆಕಾರ ತಿಳಿಯುವುದಿಲ್ಲ. ಇನ್ನೊಂದು ಮಡಿಕೆ ಹೊದಿಸಿದರೆ ಬೆಚ್ಚಗೂ ಅನಿಸದು. ಚರ್ಮದಿಂದ ಮೂರು ನಾಲ್ಕು ಸೆಂಟಿಮೀಟರ್ ಆಳದಲ್ಲಿ, ಪಕ್ಕೆಲುಬಿನ ಹತ್ತಿರ ಕುಳಿತ ಸಣ್ಣ ಗಡ್ಡೆಯ ಶಾಖ ಮೇಲೆ ಬರುವಷ್ಟರಲ್ಲಿ ಹರಡಿ ಕರಗಿಹೋಗಿರುತ್ತದೆ. ನಡುವೆ ರಕ್ತನಾಳಗಳು ಅದನ್ನು ಬೇರೆಡೆಗೆ ಒಯ್ದಿರಲೂಬಹುದು. ನಿಧಾನವಾಗಿ ಬೆಳೆಯುವ, ರಕ್ತ ಹೆಚ್ಚು ಬೇಡದ ಕ್ಯಾನ್ಸರುಗಳೂ ಇವೆ. ಅವು ಬಿಸಿಯಾಗಿ ತೋರುವುದೇ ಇಲ್ಲ. ಅತ್ತ ಹಾಲೂಡಿಸುವ ತಾಯಿಯ ಸ್ತನ, ಕೀವುಗಟ್ಟಿದ ಸ್ತನ, ಮುಟ್ಟಿನ ಮುಂಚಿನ ದಿನಗಳ ಸ್ತನ ಕ್ಯಾನ್ಸರ್ ಇಲ್ಲದೆಯೂ ಬಿಸಿಯಾಗಿರುತ್ತವೆ.

ಅದಕ್ಕೇ ಈ ಪರೀಕ್ಷೆ ಸರಿಯಾಗಿ ನಡೆಯಬೇಕಾದರೆ ಕೋಣೆಯಿಂದಲೇ ಶುರುಮಾಡಬೇಕು. ಎ.ಸಿ. ಹಾಕಿ ಕೋಣೆಯನ್ನು 20ರಿಂದ 23 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಮೇಲುಡುಪು ತೆಗೆದು, ಕೈಗಳು ಎದೆಗೆ ತಾಗದಂತೆ ಹತ್ತು ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಹೊರಗಿನ ಬಿಸಿಲಿನ, ನಡೆದು ಬಂದ ದಣಿವಿನ ಶಾಖ ಇಳಿಯಲಿ ಎಂದು. ಫ್ಯಾನಿನ ಗಾಳಿ ನೇರ ಮೈಮೇಲೆ ಬೀಳಬಾರದು. ಅದಕ್ಕೂ ಮುಂಚೆ ಕಾಫಿ ಕುಡಿದಿರಬಾರದು, ಎದೆಗೆ ಪೌಡರ್, ಕ್ರೀಮ್ ಹಚ್ಚಿರಬಾರದು. ಆಮೇಲೆ ಎದುರಿನಿಂದ, ಓರೆಯಿಂದ, ಪಕ್ಕದಿಂದ ಚಿತ್ರ ತೆಗೆಯುತ್ತಾರೆ. ಕೆಲವೆಡೆ ತಣ್ಣೀರಿನಲ್ಲಿ ಕೈ ಅದ್ದಿಸಿ ಮತ್ತೆ ತೆಗೆಯುವುದುಂಟು. ಚಳಿಗೆ ಸಾಮಾನ್ಯ ರಕ್ತನಾಳಗಳು ಕುಗ್ಗುತ್ತವೆ, ಗಡ್ಡೆಯ ಹೊಸ ನಾಳಗಳು ಅಷ್ಟಾಗಿ ಕುಗ್ಗುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಕೆಲಸಕ್ಕೆ ಬರುವಂಥ ಚಿತ್ರಕ್ಕೆ ಇಷ್ಟು ಶಿಸ್ತು ಬೇಕು. ಏಪ್ರಿಲ್ ತಿಂಗಳಲ್ಲಿ ಶಾಮಿಯಾನದ ಕೆಳಗೆ, ಸಾಲಿನಲ್ಲಿ ನಿಂತು ಬೆವೆತ ಹೆಂಗಸರನ್ನು ಒಬ್ಬೊಬ್ಬರಾಗಿ ಪರದೆಯ ಹಿಂದೆ ಕರೆದು ಎರಡು ನಿಮಿಷದಲ್ಲಿ ತೆಗೆದ ಶಾಖಚಿತ್ರಕ್ಕೆ ನಾನು ಯಾವ ಬೆಲೆಯನ್ನೂ ಕೊಡಲಾರೆ.

ಥರ್ಮಲ್ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ್ದು ಅಮೆರಿಕ. 1973ರಲ್ಲಿ ಅಲ್ಲಿನ ಕ್ಯಾನ್ಸರ್ ಸೊಸೈಟಿ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸೇರಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ತಪಾಸಣಾ ಯೋಜನೆ ಆರಂಭಿಸಿದವು. ವೈದ್ಯರ ಕೈಪರೀಕ್ಷೆ, ಮ್ಯಾಮೊಗ್ರಾಂ, ಥರ್ಮಲ್ ಚಿತ್ರ, ಮೂರನ್ನೂ ಮಾಡುವುದೆಂದು ಮೊದಲು ನಿರ್ಧಾರವಾಗಿತ್ತು. ಕೆಲವೇ ವರ್ಷಗಳಲ್ಲಿ ಥರ್ಮಲ್ ಚಿತ್ರವನ್ನು ಕೈಬಿಟ್ಟರು. ಅಲ್ಲಿ ಪತ್ತೆಯಾದ ಕ್ಯಾನ್ಸರುಗಳಲ್ಲಿ ಅರ್ಧದಷ್ಟೂ ಅದಕ್ಕೆ ಕಂಡಿರಲಿಲ್ಲ. 1977ರಲ್ಲಿ ಸ್ಟೀಫನ್ ಫೈಗ್ ಮತ್ತು ಸಂಗಡಿಗರು 16,000 ಮಹಿಳೆಯರ ತಪಾಸಣೆಯ ಫಲ ಪ್ರಕಟಿಸಿದಾಗಲೂ ಅದೇ ಮಾತು ಬಂತು: ಇದ್ದ ಕ್ಯಾನ್ಸರುಗಳಲ್ಲಿ ಮ್ಯಾಮೊಗ್ರಾಂ ಹಿಡಿದದ್ದು ಶೇ. 78, ಥರ್ಮಲ್ ಚಿತ್ರ ಹಿಡಿದದ್ದು ಶೇ. 39. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1982ರಲ್ಲಿ ಈ ಸಾಧನಕ್ಕೆ ಒಪ್ಪಿಗೆ ಕೊಟ್ಟದ್ದು ಮತ್ತೊಂದು ಪರೀಕ್ಷೆಯ ಜೊತೆಗೆ ಬಳಸಲು ಮಾತ್ರ. ಇದು ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು 2011ರಿಂದ ಅದು ಮತ್ತೆ ಮತ್ತೆ ಎಚ್ಚರಿಸಿದೆ, ಹಾಗೆ ಜಾಹೀರಾತು ಕೊಟ್ಟ ಕ್ಲಿನಿಕ್ಕುಗಳಿಗೆ ನೋಟಿಸನ್ನೂ ಕಳಿಸಿದೆ.

‘ಗಡ್ಡೆ ಮೂಡುವ ಎಂಟು ಹತ್ತು ವರ್ಷ ಮೊದಲೇ ತಿಳಿಯುತ್ತದೆ’ ಎಂಬ ಮಾತನ್ನು ನೀವು ಕೇಳಿರಬಹುದು. ಇದರ ಬೇರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದೆ. ಗೊಥೆರಿ ಮತ್ತು ಗ್ರೋ ಎಂಬ ಸಂಶೋಧಕರು, ಬೇರೆಲ್ಲ ಪರೀಕ್ಷೆಗಳು ಸರಿಯಿದ್ದೂ ಶಾಖಚಿತ್ರ ಮಾತ್ರ ಅನುಮಾನ ಹುಟ್ಟಿಸಿದ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ, ಅವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಐದು ವರ್ಷಗಳೊಳಗೆ ಕ್ಯಾನ್ಸರ್ ಕಾಣಿಸಿಕೊಂಡಿತೆಂದು 1980ರಲ್ಲಿ ವರದಿ ಮಾಡಿದರು. ಕುತೂಹಲದ ವಿಷಯವೇ. ಆದರೆ ಅಂಥ ರಿಪೋರ್ಟ್ ಕೈಗೆ ಬಂದ ಹೆಂಗಸು ಏನು ಮಾಡಬೇಕು? ಮ್ಯಾಮೊಗ್ರಾಂನಲ್ಲಿ ಏನೂ ಇಲ್ಲ, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ, ಕೈಗೂ ಏನೂ ಸಿಗುತ್ತಿಲ್ಲ. ಸೂಜಿ ಹಾಕೋಣವೆಂದರೆ ಎಲ್ಲಿ ಹಾಕುವುದು? ಶಾಖಚಿತ್ರ ಜಾಗ ತೋರಿಸುವುದಿಲ್ಲ. ಮುಂದಿನ ಹೆಜ್ಜೆ ಇಡಲು ದಾರಿ ಕೊಡದ ಅನುಮಾನವನ್ನು ಹೊತ್ತುಕೊಂಡು ವರ್ಷಗಟ್ಟಲೆ ಬದುಕುವುದು ಸಣ್ಣ ಹಿಂಸೆಯಲ್ಲ. ಮುಂಚಿತವಾಗಿ ತಿಳಿಯುವುದರಿಂದ ಪ್ರಯೋಜನವಾಗಬೇಕಾದರೆ ಮುಂಚಿತವಾಗಿ ಮಾಡಬಹುದಾದ್ದೂ ಏನಾದರೂ ಇರಬೇಕು.

ಈಗ ಮ್ಯಾಮೊಗ್ರಾಂ. ಇದು ಸ್ತನದ ಎಕ್ಸ್-ರೇ. ಸ್ತನವನ್ನು ಎರಡು ಫಲಕಗಳ ನಡುವೆ ಅದುಮಿ, ಮೇಲಿನಿಂದ ಒಂದು, ಓರೆಯಾಗಿ ಒಂದು, ಹೀಗೆ ಎರಡೂ ಕಡೆ ಸೇರಿ ನಾಲ್ಕು ಚಿತ್ರ ತೆಗೆಯುತ್ತಾರೆ. ಅದುಮುವಾಗ ನೋವಾಗುತ್ತದೆ, ಇಲ್ಲ ಎನ್ನುವುದು ಸರಿಯಲ್ಲ. ಆದರೆ ಆ ನೋವು ಕೆಲವೇ ಸೆಕೆಂಡಿನದು, ಅದಕ್ಕೆ ಕಾರಣವೂ ಇದೆ: ಚಪ್ಪಟೆಯಾದಷ್ಟೂ ಒಳಗಿನ ಪದರಗಳು ಒಂದರ ಮೇಲೊಂದು ಬಿದ್ದು ಮರೆಮಾಡುವುದು ತಪ್ಪುತ್ತದೆ, ಕಡಿಮೆ ವಿಕಿರಣ ಸಾಕಾಗುತ್ತದೆ. ಒಂದು ಸಲದ ವಿಕಿರಣ ಸುಮಾರು 0.4 ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ನಮಗೆ ಎಂದಿನಂತೆ ಏಳೆಂಟು ವಾರಗಳಲ್ಲಿ ತಾಗುವಷ್ಟೇ ಅದು.

ಮ್ಯಾಮೊಗ್ರಾಂನ ದೊಡ್ಡ ಶಕ್ತಿ ಸುಣ್ಣದ ಕಣಗಳನ್ನು ಕಾಣುವುದು. ಹಾಲಿನ ನಾಳದೊಳಗೇ ಇರುವ, ಇನ್ನೂ ಹೊರಗೆ ಚಾಚಿಕೊಳ್ಳದ ಕ್ಯಾನ್ಸರಿನಲ್ಲಿ ಸತ್ತ ಜೀವಕೋಶಗಳ ಜಾಗದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಮಿಲಿಮೀಟರಿನ ಹತ್ತರಲ್ಲಿ ಕೆಲವು ಭಾಗದಷ್ಟು ಸಣ್ಣ ಬಿಳಿ ಚುಕ್ಕೆಗಳ ಗುಂಪು ಚಿತ್ರದಲ್ಲಿ ಕಂಡರೆ ರೇಡಿಯಾಲಜಿಸ್ಟ್ ಅಲ್ಲಿಗೆ ಕಣ್ಣು ನೆಡುತ್ತಾರೆ. ಈ ಹಂತದಲ್ಲಿ ಕೈಗೆ ಗಂಟೂ ಸಿಗದು, ಚರ್ಮವೂ ಬಿಸಿಯಾಗದೆ ಇರಬಹುದು. ನ್ಯೂಯಾರ್ಕಿನಲ್ಲಿ 1963ರಲ್ಲಿ ಶುರುವಾದ ಮೊದಲ ದೊಡ್ಡ ಪ್ರಯೋಗದಲ್ಲಿ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮ್ಯಾಮೊಗ್ರಾಂ ಮತ್ತು ಕೈಪರೀಕ್ಷೆಯ ಆಹ್ವಾನ ಕೊಟ್ಟರು. ವರ್ಷಗಳ ನಂತರ ಸಾವಿನ ಲೆಕ್ಕ ನೋಡಿದಾಗ ಆ ಗುಂಪಿನಲ್ಲಿ ಸ್ತನ ಕ್ಯಾನ್ಸರಿನ ಸಾವು ಕಡಿಮೆಯಾಗಿತ್ತು. ಸ್ವೀಡನ್ ಮುಂತಾದ ದೇಶಗಳ ಪ್ರಯೋಗಗಳೂ ಆಮೇಲೆ ಸೇರಿಕೊಂಡವು. ಸಾವನ್ನು ಎಣಿಸಿ ನೋಡಿದ ಇಂಥ ಪ್ರಯೋಗ ಥರ್ಮಲ್ ತಪಾಸಣೆಯ ಬೆನ್ನಿಗಿಲ್ಲ. ಹೋಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವುದು ಇದೇ.

ಹಾಗೆಂದು ಮ್ಯಾಮೊಗ್ರಾಂ ಎಲ್ಲವನ್ನೂ ಕಾಣುತ್ತದೆ ಎನ್ನುವಂತಿಲ್ಲ. ಚಿಕ್ಕ ವಯಸ್ಸಿನಲ್ಲಿ ಸ್ತನದ ಒಳಗೆ ಗ್ರಂಥಿಯ ಅಂಶ ದಟ್ಟವಾಗಿರುತ್ತದೆ, ಚಿತ್ರದಲ್ಲಿ ಅದು ಬಿಳಿ. ಗಡ್ಡೆಯೂ ಬಿಳಿ. ಬಿಳಿಯೊಳಗಿನ ಬಿಳಿ ತಪ್ಪಿಹೋಗುತ್ತದೆ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ, ನಲವತ್ತರ ಆಸುಪಾಸಿನಲ್ಲೇ ಬಹಳ ಜನರಲ್ಲಿ ಕಾಣಿಸಿಕೊಳ್ಳುವುದರಿಂದ ಈ ಮಿತಿ ನಮಗೆ ಹೆಚ್ಚು ಬಾಧಿಸುತ್ತದೆ. ಜೊತೆಗೆ ಯಂತ್ರ ದುಬಾರಿ, ನಡೆಸಲು ತರಬೇತಾದ ತಂತ್ರಜ್ಞೆ ಬೇಕು, ಓದಲು ಅನುಭವಿ ರೇಡಿಯಾಲಜಿಸ್ಟ್ ಬೇಕು. ತಾಲ್ಲೂಕಿನ ಮಟ್ಟದಲ್ಲಿ ಇವು ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ದಟ್ಟ ಸ್ತನವಿದ್ದವರಿಗೆ, ಮೂವತ್ತರ ಒಳಗಿನವರಿಗೆ ನೆರವಾಗುವುದು ಅಲ್ಟ್ರಾಸೌಂಡ್, ನಾವೆಲ್ಲ ಸ್ಕ್ಯಾನಿಂಗ್ ಎನ್ನುವುದು. ಶಬ್ದದ ಅಲೆ ಒಳಗೆ ಹೋಗಿ ಬಡಿದು ವಾಪಸ್ ಬರುವುದನ್ನು ಕೇಳಿ ಚಿತ್ರ ಕಟ್ಟುವ ಯಂತ್ರವಿದು. ಕೈಗೆ ಸಿಕ್ಕ ಗಂಟು ನೀರು ತುಂಬಿದ ಚೀಲವೋ ಗಟ್ಟಿ ಗಡ್ಡೆಯೋ ಎಂದು ನಿಮಿಷಗಳಲ್ಲಿ ಹೇಳುತ್ತದೆ. ಅಂಚು ನಯವಾಗಿದೆಯೋ ಮುಳ್ಳುಮುಳ್ಳಾಗಿದೆಯೋ ತೋರಿಸುತ್ತದೆ, ಸೂಜಿಗೆ ದಾರಿಯನ್ನೂ ತೋರಿಸುತ್ತದೆ. ಸುಣ್ಣದ ಕಣಗಳನ್ನು ಮಾತ್ರ ಸರಿಯಾಗಿ ಕಾಣದು. ಇದನ್ನು ಊರೂರಿಗೆ ಒಯ್ಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ನಮ್ಮಲ್ಲಿ ಪ್ರತಿಯೊಂದು ಸ್ಕ್ಯಾನಿಂಗ್ ಯಂತ್ರ ನೋಂದಣಿಯಾಗಿರಬೇಕು, ನೋಂದಣಿಯಾದ ಜಾಗದಿಂದ ಆಚೆ ಒಯ್ಯಲು ಬಿಗಿ ನಿರ್ಬಂಧವಿದೆ. ಥರ್ಮಲ್ ಕ್ಯಾಮೆರಾಕ್ಕೆ ಆ ತೊಡಕಿಲ್ಲ. ಅದು ಶಿಬಿರಗಳಿಗೆ ಸಲೀಸಾಗಿ ಬರಲು ಇದೂ ಒಂದು ಕಾರಣ.

ಎಂ.ಆರ್.ಐ. ಎಲ್ಲಕ್ಕಿಂತ ತೀಕ್ಷ್ಣ. ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ ವಸ್ತುವಿನ ಇಂಜೆಕ್ಷನ್ ಕೊಟ್ಟು ಅದು ಸ್ತನದಲ್ಲಿ ಎಲ್ಲಿ ಬೇಗ ತುಂಬುತ್ತದೆ ಎಂದು ನೋಡುತ್ತಾರೆ. ಗಡ್ಡೆಯ ಸೋರುವ ಹೊಸ ರಕ್ತನಾಳಗಳು ಅಲ್ಲಿ ಹೊಳೆಯುತ್ತವೆ. ಥರ್ಮಲ್ ಕ್ಯಾಮೆರಾ ಚರ್ಮದ ಮೇಲೆ ನಿಂತು ಊಹಿಸಲು ಹೊರಟ ಸಂಗತಿಯನ್ನೇ ಎಂ.ಆರ್.ಐ. ಒಳಹೊಕ್ಕು ನೋಡುತ್ತದೆ. ಖರ್ಚು ಬಹಳ. ಬಿಆರ್‌ಸಿಎ ವಂಶವಾಹಿಯಲ್ಲಿ ದೋಷವಿರುವ ಕುಟುಂಬದವರಿಗೆ ಇದನ್ನು ಹೇಳುತ್ತಾರೆ, ಎಲ್ಲರಿಗೂ ಅಲ್ಲ.

ಯಂತ್ರಗಳ ಮಾತಿನ ನಡುವೆ ಜನ ಮರೆಯುವುದು ಕೈಯನ್ನು. ಮುಂಬಯಿಯ ಟಾಟಾ ಮೆಮೊರಿಯಲ್ ಆಸ್ಪತ್ರೆಯವರು 1998ರಲ್ಲಿ ಒಂದು ಪ್ರಯೋಗ ಶುರುಮಾಡಿದರು. ಅದರಲ್ಲಿ 35ರಿಂದ 64 ವರ್ಷದ 1,51,538 ಮಹಿಳೆಯರಿದ್ದರು. ಅರ್ಧದಷ್ಟು ಬಡಾವಣೆಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ಕೈಯಿಂದಲೇ ಸ್ತನ ಪರೀಕ್ಷಿಸಿದರು. ಇನ್ನರ್ಧ ಕಡೆ ತಿಳಿವಳಿಕೆ ಮಾತ್ರ ಕೊಟ್ಟರು. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಬಂತು. ಪರೀಕ್ಷೆ ನಡೆದ ಕಡೆ ಕ್ಯಾನ್ಸರ್ ಮುಂಚಿನ ಹಂತದಲ್ಲೇ ಸಿಕ್ಕಿತ್ತು, ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30 ಇಳಿದಿತ್ತು. ಐವತ್ತರ ಒಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ವಿದ್ಯುತ್ತು ಬೇಡದ, ಎರಡು ಅಂಗೈಗಳ ಪರೀಕ್ಷೆಯೊಂದು ನಮ್ಮ ದೇಶದ ಸಾಮಾನ್ಯ ಹೆಂಗಸರಲ್ಲಿ ಜೀವ ಉಳಿಸಿದ್ದಕ್ಕೆ ಇಷ್ಟು ಗಟ್ಟಿ ಪುರಾವೆ ಸಿಕ್ಕಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡ ಸುದ್ದಿ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆಯನ್ನೇ ಹೇಳುತ್ತದೆ. ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೇಳಿ ಮಾಡಿಸಿಕೊಳ್ಳಬಹುದು.

ಇಷ್ಟಾದರೂ ಥರ್ಮಲ್ ಕಥೆ ಮುಗಿದಿಲ್ಲ, ಅದರ ಹೊಸ ಅಧ್ಯಾಯ ನಡೆಯುತ್ತಿರುವುದು ನಮ್ಮ ಬೆಂಗಳೂರಿನಲ್ಲೇ. ಗೀತಾ ಮಂಜುನಾಥ್ ಅವರು 2016ರಲ್ಲಿ ಕಟ್ಟಿದ ನಿರಾಮಯ್ ಸಂಸ್ಥೆ ಶಾಖಚಿತ್ರವನ್ನು ಕಣ್ಣಂದಾಜಿಗೆ ಬಿಡದೆ ಕೃತಕ ಬುದ್ಧಿಮತ್ತೆಯಿಂದ ಓದಿಸುತ್ತದೆ. ಎರಡೂ ಸ್ತನಗಳ ಬಿಸಿಯ ವ್ಯತ್ಯಾಸ, ಬಿಸಿ ಮಚ್ಚೆಯ ಆಕಾರ, ರಕ್ತನಾಳಗಳ ಹರವು ಇವನ್ನೆಲ್ಲ ಲೆಕ್ಕಹಾಕಿ ಅಂಕ ಕೊಡುತ್ತದೆ. 470 ಮಹಿಳೆಯರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಇದ್ದವರಲ್ಲಿ ಶೇ. 91ರಷ್ಟು ಜನರನ್ನು ಅದು ಗುರುತಿಸಿತು, ಇಲ್ಲದವರಲ್ಲಿ ಶೇ. 82ರಷ್ಟು ಜನರಿಗೆ ಇಲ್ಲವೆಂದು ಸರಿಯಾಗಿ ಹೇಳಿತು. 1970ರ ದಶಕಕ್ಕೆ ಹೋಲಿಸಿದರೆ ಭಾರೀ ಸುಧಾರಣೆ. ಆದರೆ ಅಲ್ಲಿ ಬಂದವರಲ್ಲಿ ಬಹಳ ಮಂದಿ ಆಗಲೇ ಗಂಟೋ ನೋವೋ ಇದ್ದವರು. ಏನೂ ತೊಂದರೆಯಿಲ್ಲದೆ ಶಿಬಿರಕ್ಕೆ ಬರುವವರ ಲೆಕ್ಕವೇ ಬೇರೆ.

ಆ ಲೆಕ್ಕವನ್ನು ಉದಾಹರಣೆಗೆ ಹಾಕಿ ನೋಡೋಣ. ಶಿಬಿರಕ್ಕೆ 1,000 ಮಹಿಳೆಯರು ಬಂದರು, ಅವರಲ್ಲಿ 5 ಜನರಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಮೇಲಿನ ಪ್ರಮಾಣದಲ್ಲೇ ಯಂತ್ರ ಕೆಲಸ ಮಾಡಿದರೆ 4 ಅಥವಾ 5 ಜನ ಸಿಗುತ್ತಾರೆ. ಜೊತೆಗೆ ಕ್ಯಾನ್ಸರ್ ಇಲ್ಲದ 995 ಜನರಲ್ಲಿ ಸುಮಾರು 180 ಮಂದಿಗೂ ‘ಅನುಮಾನವಿದೆ’ ಎಂಬ ಚೀಟಿ ಹೋಗುತ್ತದೆ. ಇಷ್ಟೂ ಜನರಿಗೆ ಮ್ಯಾಮೊಗ್ರಾಂ, ಸ್ಕ್ಯಾನಿಂಗ್ ಆಗಬೇಕು. ಅದನ್ನು ಎಲ್ಲಿ, ಯಾರ ಖರ್ಚಿನಲ್ಲಿ, ಎಷ್ಟು ದಿನದೊಳಗೆ ಎಂದು ಶಿಬಿರ ನಡೆಸುವವರು ಮೊದಲೇ ಏರ್ಪಾಡು ಮಾಡಿದ್ದರೆ ಥರ್ಮಲ್ ಚಿತ್ರ ಮುಂದಿನ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ಆರಿಸುವ ಮೊದಲ ಜರಡಿಯಾಗಿ ಉಪಯೋಗಕ್ಕೆ ಬಂದೀತು. ಚೀಟಿ ಕೊಟ್ಟು ಡೇರೆ ಮಡಚಿಕೊಂಡು ಹೋಗುವುದಾದರೆ 180 ಮನೆಗಳಿಗೆ ಭಯ ಹಂಚಿದಂತಾಗುತ್ತದೆ, ಆ ಐವರಿಗೂ ಚಿಕಿತ್ಸೆ ಸಿಕ್ಕೀತೆಂಬ ಖಾತರಿಯಿಲ್ಲ. ಆದ್ದರಿಂದ ಶಿಬಿರದಲ್ಲಿ ‘ರಿಪೋರ್ಟ್ ಸರಿಯಿಲ್ಲದಿದ್ದರೆ ಮುಂದೆ ಎಲ್ಲಿಗೆ ಕಳಿಸುತ್ತೀರಿ?’ ಎಂದು ಕೇಳಿ. ‘ಈ ಯಂತ್ರದಿಂದ ತಪ್ಪಿಹೋಗುವ ಕ್ಯಾನ್ಸರ್ ಎಷ್ಟು?’ ಎಂದೂ ಕೇಳಿ. ತಪ್ಪುವುದೇ ಇಲ್ಲ ಎನ್ನುವವರನ್ನು ನಂಬಬೇಡಿ.

ಎಲ್ಲ ಚಿತ್ರಗಳೂ ಅನುಮಾನದ ಹಂತದವು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಸೂಜಿ ಪರೀಕ್ಷೆ. ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗ್ ನೋಡುತ್ತಾ, ಸ್ಪ್ರಿಂಗ್ ಇರುವ ಸೂಜಿಯಿಂದ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಎಳೆಗಳನ್ನು ತೆಗೆಯುತ್ತಾರೆ. ಟಕ್ ಎಂದು ಸದ್ದಾಗುತ್ತದೆ, ಅದಕ್ಕೆ ಬೆಚ್ಚಬೇಡಿ. ಹಾರ್ಮೋನ್ ಮಾತ್ರೆ ಹಿಡಿಸುವ ಬಗೆಯೋ, ಹರ್2 ಎಂಬ ಪ್ರೋಟೀನ್ ಹೆಚ್ಚಿರುವ ಬಗೆಯೋ ಎಂದು ತಿಳಿಯುವುದೂ ಈ ಎಳೆಗಳಿಂದಲೇ, ಚಿಕಿತ್ಸೆ ನಿಂತಿರುವುದೂ ಅದರ ಮೇಲೆಯೇ. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂದು ಹೆದರಿ ತಿಂಗಳುಗಟ್ಟಲೆ ತಡಮಾಡುವವರಿದ್ದಾರೆ. ಜಗತ್ತಿನಾದ್ಯಂತ ಚಿಕಿತ್ಸೆ ಶುರುವಾಗುವುದೇ ಈ ಸೂಜಿಯಿಂದ, ಹಾನಿಯಾಗುವುದು ತಡದಿಂದ. ವೈದ್ಯರ ಕೈಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಸ್ಕ್ಯಾನಿಂಗ್, ಸೂಜಿ ಪರೀಕ್ಷೆ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಗಂಟಿನ ವಿಷಯ ಇತ್ಯರ್ಥವಾದಂತೆ.

ನೋವಿಲ್ಲದ ಗಂಟು, ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತದ ಬಣ್ಣದ ದ್ರವ, ಚರ್ಮ ದಪ್ಪಗಾಗಿ ಗುಳಿ ಬೀಳುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದೇ ಕಂಡರೂ ಶಿಬಿರಕ್ಕೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ಹೇಳಿಕೊಳ್ಳಲು ಸಂಕೋಚವಾದರೆ ಲೇಡಿ ಡಾಕ್ಟರನ್ನೇ ನೋಡಬೇಕೆಂದು ಕೇಳಲು ನಿಮಗೆ ಹಕ್ಕಿದೆ, ಜೊತೆಗೆ ಅಕ್ಕನನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಬಹುದು. ಮುಟ್ಟು ಇನ್ನೂ ಆಗುವವರು ತೊಂದರೆಯೇನೂ ಇಲ್ಲದೆ ಬರೀ ತಪಾಸಣೆಗೆ ಹೋಗುವುದಾದರೆ, ಮುಟ್ಟಾಗಿ ಒಂದು ವಾರದ ಮೇಲೆ ಮ್ಯಾಮೊಗ್ರಾಂ ಇಟ್ಟುಕೊಂಡರೆ ಅದುಮುವ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಬಿದ್ದು ವೈದ್ಯರ ದಾರಿ ತಪ್ಪಿಸಬಹುದು. ಹಿಂದಿನ ಫಿಲಂ, ಸಿ.ಡಿ., ರಿಪೋರ್ಟ್ ಏನಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಕಳೆದ ಸಲ ಇಲ್ಲದ್ದು ಈ ಸಲ ಇದೆಯೇ ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ರೇಡಿಯಾಲಜಿಸ್ಟ್‌ಗೆ ಬೇಗ ತಿಳಿಯುತ್ತದೆ.